ವಿಶ್ವವಿದ್ಯಾಲಯಗಳಲ್ಲಿ ಎಐ ತರಬೇತಿ

ಚಾಟ್‌ಜಿಪಿಟಿ, ಜೆಮಿನಿ, ಕೋಪೈಲಟ್‌ನಂಥ ಕೃತಕ ಬುದ್ಧಿಮತ್ತೆಯ (ಎಐ) ಸಾಧನಗಳನ್ನು ಓದು, ಬೋಧನೆ, ಸಂಶೋಧನೆ ಹಾಗೂ ಕಚೇರಿ ಕೆಲಸಗಳಲ್ಲಿ ಅರಿತು ಬಳಸಲು ಅಧ್ಯಾಪಕರು, ಬೋಧಕೇತರ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳಿಗೆ ನೀಡುವ ಶಿಕ್ಷಣವೇ ಎಐ ತರಬೇತಿ. ಯಂತ್ರಕ್ಕೆ ಪ್ರಶ್ನೆ ಹಾಕುವುದನ್ನು ಬೇಗ ಕಲಿಯಬಹುದು. ಬಂದ ಉತ್ತರವನ್ನು ಒರೆಗೆ ಹಚ್ಚಲು ಮಾತ್ರ ವಿಷಯದ ಜ್ಞಾನ ಬೇಕು, ತಾಳ್ಮೆಯೂ ಬೇಕು. ತರಬೇತಿಯ ತಿರುಳು ಇರುವುದು ಅಲ್ಲಿ.

ಹಿನ್ನೆಲೆ

ಓಪನ್‌ಎಐ ಕಂಪನಿ 2022ರ ನವೆಂಬರ್ 30ರಂದು ಚಾಟ್‌ಜಿಪಿಟಿಯನ್ನು ಬಿಡುಗಡೆ ಮಾಡಿದಾಗ ಕೆಲವು ವಿಶ್ವವಿದ್ಯಾಲಯಗಳು ನಿಷೇಧದ ದಾರಿ ಹಿಡಿದವು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯ 2023ರ ಫೆಬ್ರುವರಿಯಲ್ಲಿ ತಡೆ ಹಾಕಿತು. ಅದೇ ವರ್ಷ ನಿಲುವು ಬದಲಿಸಿ ಬಳಕೆಗೆ ಅವಕಾಶ ಕೊಟ್ಟಿತು.

ನಿಷೇಧ ನಿಲ್ಲಬೇಕಾದರೆ ಕಳ್ಳತನ ಹಿಡಿಯುವ ಉಪಾಯ ಬೇಕು. ಅದೇ ಕೈಕೊಟ್ಟಿತು. ಎಐ ಬರಹ ಪತ್ತೆಹಚ್ಚಲು ತಾನೇ ರೂಪಿಸಿದ್ದ ಸಾಧನವನ್ನು ನಿಖರತೆ ಸಾಲದೆಂದು ಓಪನ್‌ಎಐ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕೂ ಹೆಚ್ಚಿನವನ್ನು ಇಂಥ ಸಾಧನಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದ್ದನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು ಅದೇ ವರ್ಷ ತೋರಿಸಿದರು. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್‌ನಲ್ಲಿ ಸರಳ ವಾಕ್ಯ ಬರೆಯುವ ವಿದ್ಯಾರ್ಥಿಗೂ ಇದೇ ಅಪಾಯವಿದೆ.

ಆ ಜುಲೈನಲ್ಲೇ ಬ್ರಿಟನ್ನಿನ 24 ವಿಶ್ವವಿದ್ಯಾಲಯಗಳ ರಸೆಲ್ ಗ್ರೂಪ್ ಐದು ತತ್ವಗಳನ್ನು ಪ್ರಕಟಿಸಿತು. ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಎಐ ಸಾಕ್ಷರರನ್ನಾಗಿ ಮಾಡುವುದು ಅವುಗಳಲ್ಲಿ ಮೊದಲನೆಯದು. ಯುನೆಸ್ಕೊ 2024ರಲ್ಲಿ ಶಿಕ್ಷಕರಿಗೆ 15, ವಿದ್ಯಾರ್ಥಿಗಳಿಗೆ 12 ಎಐ ಸಾಮರ್ಥ್ಯಗಳ ಚೌಕಟ್ಟುಗಳನ್ನು ಹೊರತಂದಿತು.

ಅಧ್ಯಾಪಕರಿಗೆ

ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆಯ ಕರಡು, ಒಂದೇ ವಿಷಯಕ್ಕೆ ಹಲವು ಮಟ್ಟದ ಉದಾಹರಣೆಗಳನ್ನು ಸಿದ್ಧಪಡಿಸಿಕೊಳ್ಳುವ ಬಗೆಯನ್ನು ಕಾರ್ಯಾಗಾರಗಳು ಹೇಳಿಕೊಡುತ್ತವೆ. ಕಷ್ಟದ ಭಾಗ ಮೌಲ್ಯಮಾಪನ. ಮನೆಯಲ್ಲಿ ಬರೆದು ತರುವ ಅಸೈನ್‌ಮೆಂಟ್‌ಗೆ ಯಾರು ದುಡಿದರೆಂದು ಹೇಳಲಾಗದು. ಸಿಡ್ನಿ ವಿಶ್ವವಿದ್ಯಾಲಯ ಇದಕ್ಕೆ ಎರಡು ದಾರಿ ಮಾಡಿಕೊಂಡಿದೆ. ಒಂದರಲ್ಲಿ ಮೇಲ್ವಿಚಾರಣೆಯ ಪರೀಕ್ಷೆ, ಮೌಖಿಕ ಪ್ರಶ್ನೋತ್ತರಗಳಂಥವು ಬರುತ್ತವೆ. ಇನ್ನೊಂದರಲ್ಲಿ ಎಐ ಬಳಕೆ ಮುಕ್ತ, ಬಳಸಿದ್ದನ್ನು ತಿಳಿಸಬೇಕು. ಯಾವ ಕೆಲಸ ಯಾವ ದಾರಿಗೆ ಸೇರಬೇಕೆಂದು ತೀರ್ಮಾನಿಸಲು ಅಧ್ಯಾಪಕರು ತಮ್ಮ ಪ್ರಶ್ನೆಯನ್ನು ಮೊದಲು ಯಂತ್ರಕ್ಕೇ ಕೊಟ್ಟು ನೋಡುವುದು ಒಳ್ಳೆಯ ಅಭ್ಯಾಸ.

ಬೋಧಕೇತರ ಸಿಬ್ಬಂದಿಗೆ

ಸುತ್ತೋಲೆ, ಸಭಾ ನಡಾವಳಿ, ಪತ್ರೋತ್ತರಗಳ ಕರಡಿಗೆ ಎಐ ಒದಗಿಬರುತ್ತದೆ. ತೊಡಕು ಇರುವುದು ಮಾಹಿತಿಯ ಗೋಪ್ಯತೆಯಲ್ಲಿ. ಪರೀಕ್ಷಾ ವಿಭಾಗದ ಗುಮಾಸ್ತರೊಬ್ಬರು ಅನುತ್ತೀರ್ಣರ ಪಟ್ಟಿಯನ್ನು ಹೆಸರು, ನೋಂದಣಿ ಸಂಖ್ಯೆ, ಅಂಕಗಳ ಸಮೇತ ಉಚಿತ ಚಾಟ್‌ಬಾಟ್‌ಗೆ ಅಂಟಿಸಿ ವಿಶ್ಲೇಷಣೆ ಕೇಳಿದರೆ ಆ ಮಾಹಿತಿ ವಿಶ್ವವಿದ್ಯಾಲಯದ ಕೈ ದಾಟಿ ಹೋದಂತೆಯೇ. ಹೆಸರಿನ ಮತ್ತು ನೋಂದಣಿ ಸಂಖ್ಯೆಯ ಕಾಲಂಗಳನ್ನು ಅಳಿಸಿ ಅಂಕಗಳನ್ನಷ್ಟೇ ಕೊಡುವುದು ತರಬೇತಿಯ ಮೊದಲ ಪಾಠವಾಗಬೇಕು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಎಚ್ಚರವನ್ನು ಕಾನೂನಿನ ವಿಷಯವಾಗಿಸಿದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಇದೇ ಕಾಳಜಿಯಿಂದ 2023ರಲ್ಲಿ ತನ್ನವರಿಗಾಗಿಯೇ ಪ್ರತ್ಯೇಕ ಎಐ ಸೇವೆ ಆರಂಭಿಸಿತು.

ವಿದ್ಯಾರ್ಥಿಗಳಿಗೆ

ಚಾಟ್‌ಜಿಪಿಟಿಯಂಥ ಸಾಧನಗಳ ಹಿಂದಿರುವ ಭಾಷಾ ಮಾದರಿಗಳು ಮುಂದೆ ಬರಬಹುದಾದ ಪದವನ್ನು ಅಂದಾಜಿಸುತ್ತ ವಾಕ್ಯ ಕಟ್ಟುತ್ತವೆ. ಹಾಗಾಗಿ ಇಲ್ಲದ ಪುಸ್ತಕ, ಇಲ್ಲದ ತೀರ್ಪುಗಳನ್ನೂ ಅವು ಅಳುಕಿಲ್ಲದೆ ಹೆಸರಿಸಬಲ್ಲವು. ಚಾಟ್‌ಜಿಪಿಟಿ ಕೊಟ್ಟ ಕಲ್ಪಿತ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ 2023ರ ಜೂನ್‌ನಲ್ಲಿ 5,000 ಡಾಲರ್ ದಂಡ ಹಾಕಿತು.

ಕನ್ನಡ ವಿಭಾಗದಲ್ಲಿ ಇದನ್ನು ಮನಗಾಣಿಸಲು ಸುಲಭದ ಪ್ರಯೋಗವೊಂದಿದೆ. ಅಪರೂಪದ ವಿಷಯವೊಂದನ್ನು ಹೇಳಿ ಅದರ ಮೇಲೆ ಅಲ್ಲಮಪ್ರಭುವಿನ ವಚನ ಕೊಡುವಂತೆ ಯಂತ್ರವನ್ನು ಕೇಳುವುದು. ಕೊನೆಯಲ್ಲಿ ‘ಗುಹೇಶ್ವರ’ ಅಂಕಿತವಿಟ್ಟು, ಲಯವನ್ನೂ ತಕ್ಕಮಟ್ಟಿಗೆ ಹೊಂದಿಸಿ, ಅಲ್ಲಮ ಹೇಳಿಯೇ ಇರದ ವಚನವನ್ನು ಅದು ಕೊಟ್ಟುಬಿಡಬಹುದು. ವಿದ್ಯಾರ್ಥಿ ಸಮಗ್ರ ವಚನ ಸಂಪುಟ ತೆರೆದು ಹುಡುಕಬೇಕು. ಪ್ರಾಂಪ್ಟ್ ಬರೆಯುವ ಪಾಠಕ್ಕಿಂತ ಈ ಹುಡುಕಾಟ ಹೆಚ್ಚು ಕಲಿಸುತ್ತದೆ.

ಕನ್ನಡದ ತೊಡಕುಗಳು

ಪ್ರಮುಖ ಮಾದರಿಗಳು ಕಲಿತಿರುವ ಪಠ್ಯದಲ್ಲಿ ಇಂಗ್ಲಿಷ್‌ನ ಪಾಲೇ ದೊಡ್ಡದು. ಯಂತ್ರ ಓದುವಾಗ ಕನ್ನಡದ ಪದಗಳು ಹೆಚ್ಚು ತುಣುಕುಗಳಾಗಿ ಒಡೆಯುವುದರಿಂದ ಅಷ್ಟೇ ವಿಷಯಕ್ಕೆ ಬಳಕೆಯ ಮಿತಿ ಬೇಗ ಮುಗಿಯುತ್ತದೆ. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ, ಐಐಟಿ ಮದ್ರಾಸ್‌ನ ಎಐ4ಭಾರತ್ ಕೆಲಸ ಮಾಡುತ್ತಿವೆ. ಒಂದೇ ಪ್ರಶ್ನೆಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೇಳಿ ಉತ್ತರಗಳನ್ನು ಹೋಲಿಸುವ ರೂಢಿ ಇಲ್ಲಿನ ವಿದ್ಯಾರ್ಥಿಗಳಿಗೆ ಪ್ರಯೋಜನಕಾರಿ.

ಹೊಣೆಗಾರಿಕೆ

ಸಾಧನಗಳು ಕೆಲವೇ ತಿಂಗಳಲ್ಲಿ ಬದಲಾಗುವುದರಿಂದ ಒಂದು ದಿನದ ಕಾರ್ಯಾಗಾರ, ಕೈಗೊಂದು ಪ್ರಮಾಣಪತ್ರ ಸಾಲದು. ಗುಂಡಿಗಳ ಜಾಗ ಬದಲಾದರೂ ಪರಿಶೀಲನೆಯ ಕ್ರಮ ಬದಲಾಗುವುದಿಲ್ಲ. ತರಬೇತಿಯ ಸಮಯ ಅದಕ್ಕೇ ಹೆಚ್ಚು ಸಲ್ಲಬೇಕು. ಎಐ ಸಾಧನವನ್ನು ಲೇಖಕನೆಂದು ಒಪ್ಪುವುದಿಲ್ಲವೆಂದು ‘ನೇಚರ್’ ಪತ್ರಿಕೆ 2023ರ ಜನವರಿಯಲ್ಲೇ ಹೇಳಿತು. ಕಾರಣ, ಬರಹದ ಹೊಣೆಯನ್ನು ಯಂತ್ರ ಹೊರಲಾರದು. ಪ್ರಬಂಧವಾಗಲಿ, ಸುತ್ತೋಲೆಯಾಗಲಿ, ಅದರಲ್ಲಿನ ತಪ್ಪಿಗೆ ಉತ್ತರಿಸಬೇಕಾದವರು ಸಹಿ ಹಾಕಿದವರೇ.