ಕರ್ನಾಟಕದ ಹೆದ್ದಾರಿ ಕಾಮಗಾರಿಗಳಲ್ಲಿ ಗುಣಮಟ್ಟ ನಿಯಂತ್ರಣ

ಕರ್ನಾಟಕದ ಹೆದ್ದಾರಿ ಕಾಮಗಾರಿಗಳಲ್ಲಿ ಗುಣಮಟ್ಟ ನಿಯಂತ್ರಣ ಎಂದರೆ ರಾಜ್ಯದಲ್ಲಿ ನಿರ್ಮಾಣವಾಗುವ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಸಾಮಗ್ರಿ, ಕೆಲಸದ ವಿಧಾನ ಹಾಗೂ ಪೂರ್ಣಗೊಂಡ ರಸ್ತೆಯು ನಿಗದಿತ ಮಾನದಂಡಕ್ಕೆ ತಕ್ಕಂತೆ ಇವೆಯೇ ಎಂಬುದನ್ನು ಸರ್ಕಾರವು ತನ್ನ ಎಂಜಿನಿಯರುಗಳು, ಸಲಹಾ ಸಂಸ್ಥೆಗಳು ಮತ್ತು ಲೆಕ್ಕಪರಿಶೋಧಕರ ಮೂಲಕ ಪರಿಶೀಲಿಸುವ ವ್ಯವಸ್ಥೆ. ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ, ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ (ಎನ್‌ಎಚ್‌ಎಐ) ಮತ್ತು ರಾಜ್ಯದ ಲೋಕೋಪಯೋಗಿ ಇಲಾಖೆ ಇದರಲ್ಲಿ ಮುಖ್ಯ ಪಾತ್ರ ವಹಿಸುತ್ತವೆ. ಡಾಂಬರು ಹಾಕಿದ ಮೇಲೆ ಅದರ ಕೆಳಗಿನ ಪದರಗಳು ಯಾರ ಕಣ್ಣಿಗೂ ಕಾಣುವುದಿಲ್ಲವಾದ್ದರಿಂದ ಕೆಲಸ ನಡೆಯುವಾಗಲೇ ಆಗುವ ಪರೀಕ್ಷೆ ಮತ್ತು ದಾಖಲೆಗಳೇ ಈ ವ್ಯವಸ್ಥೆಯ ಆಧಾರ.

ಹಿನ್ನೆಲೆ

ಮೈಸೂರು ಸೀಮೆಯಲ್ಲಿ ಗಟ್ಟಿಮುಟ್ಟಾದ ನಿರ್ಮಾಣಕ್ಕೆ ಉದಾಹರಣೆಯಾಗಿ ಹೆಚ್ಚಾಗಿ ಹೆಸರಿಸಲ್ಪಡುವುದು ನಂಜನಗೂಡಿನ ಬಳಿ ಕಪಿಲಾ (ಕಬಿನಿ) ನದಿಗೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ. ದಳವಾಯಿಗಳ ಕಾಲದ ಈ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು. ಕಮಿಷನರ್ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿ, 1856ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಲೋಕೋಪಯೋಗಿ ಇಲಾಖೆ ರೂಪುಗೊಂಡಿತು. ಸರ್ ಎಂ. ವಿಶ್ವೇಶ್ವರಯ್ಯ 1909ರಲ್ಲಿ ಸಂಸ್ಥಾನದ ಮುಖ್ಯ ಎಂಜಿನಿಯರರಾದರು. ಕೃಷ್ಣರಾಜಸಾಗರದಲ್ಲಿ 1944ರಲ್ಲಿ ಆರಂಭವಾದ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವು ಮಣ್ಣು ಮತ್ತು ನಿರ್ಮಾಣ ಸಾಮಗ್ರಿಗಳ ಪರೀಕ್ಷೆಯನ್ನೂ ನಡೆಸುತ್ತದೆ.

ಅಖಿಲ ಭಾರತ ಮಟ್ಟದಲ್ಲಿ ಜಯಕರ್ ಸಮಿತಿಯ ಶಿಫಾರಸಿನ ಫಲವಾಗಿ 1934ರ ಡಿಸೆಂಬರಿನಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಸ್ಥಾಪನೆಯಾಯಿತು. ರಾಷ್ಟ್ರೀಯ ಹೆದ್ದಾರಿ ಕಾಯ್ದೆ 1956ರಲ್ಲಿ, ಪ್ರಾಧಿಕಾರದ ಕಾಯ್ದೆ 1988ರಲ್ಲಿ ಬಂದವು. ಪ್ರಾಧಿಕಾರವು ಕಾರ್ಯಾರಂಭ ಮಾಡಿದ್ದು 1995ರಲ್ಲಿ. ಅಲ್ಲಿಯವರೆಗೆ ಇಲಾಖೆಯ ಎಂಜಿನಿಯರರೇ ಕೆಲಸ ಮಾಡಿಸಿ, ಅಳತೆ ಬರೆದು, ಬಿಲ್ಲನ್ನೂ ಮಂಜೂರು ಮಾಡುತ್ತಿದ್ದರು. ಖಾಸಗಿ ಬಂಡವಾಳದ ಯೋಜನೆಗಳು ಬಂದ ಬಳಿಕ ಸ್ಥಳದ ಉಸ್ತುವಾರಿಯ ಬಹುಪಾಲು ಸಲಹಾ ಸಂಸ್ಥೆಗಳ ಕೈಗೆ ಹೋಯಿತು.

ಯಾವ ರಸ್ತೆ ಯಾರ ಸುಪರ್ದಿಯಲ್ಲಿ

ಒಂದು ರಸ್ತೆಯ ಗುಣಮಟ್ಟಕ್ಕೆ ಯಾರು ಹೊಣೆ ಎಂಬುದು ಅದರ ವರ್ಗವನ್ನು ಅವಲಂಬಿಸಿದೆ. ಸಾರ್ವಜನಿಕರ ದೂರುಗಳು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಮೈಸೂರು ಜಿಲ್ಲೆಯ ಹೆಡತಲೆ ಗ್ರಾಮವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇದು ನಂಜನಗೂಡು ಮತ್ತು ತಿ. ನರಸೀಪುರಗಳ ನಡುವಿನ ಸೀಮೆಯಲ್ಲಿದೆ. ಕೇರಳದ ಕೋಯಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರಗಳ ಮೂಲಕ ಕೊಳ್ಳೇಗಾಲ ತಲುಪುವ ರಾಷ್ಟ್ರೀಯ ಹೆದ್ದಾರಿ 766 ಈ ಎರಡೂ ಪಟ್ಟಣಗಳನ್ನು ಹಾದುಹೋಗುತ್ತದೆ. ಅಂದರೆ ಈ ಭಾಗದ ಹಳ್ಳಿಯವರು ಯಾವ ಪಟ್ಟಣದ ಕಡೆಗೆ ಹೊರಟರೂ ಕೇಂದ್ರ ಸರ್ಕಾರದ ಮಾನದಂಡಕ್ಕೆ ಒಳಪಟ್ಟ ರಸ್ತೆಯನ್ನೇ ಸೇರುತ್ತಾರೆ. ಆದರೆ ಆ ಹೆದ್ದಾರಿಯವರೆಗಿನ ದಾರಿ ರಾಜ್ಯ ಹೆದ್ದಾರಿಯೋ ಜಿಲ್ಲಾ ಮುಖ್ಯರಸ್ತೆಯೋ ಆಗಿದ್ದರೆ ಅದು ಲೋಕೋಪಯೋಗಿ ಇಲಾಖೆಯದು, ಗ್ರಾಮೀಣ ರಸ್ತೆಯಾಗಿದ್ದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವ್ಯವಸ್ಥೆಯದು.

ರಾಷ್ಟ್ರೀಯ ಹೆದ್ದಾರಿಗಳಲ್ಲಿಯೂ ಎಲ್ಲವೂ ಪ್ರಾಧಿಕಾರದ ವಶದಲ್ಲಿಲ್ಲ. ಹಲವು ಭಾಗಗಳನ್ನು ಸಚಿವಾಲಯದ ಪರವಾಗಿ ರಾಜ್ಯ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ಶಾಖೆ ನೋಡಿಕೊಳ್ಳುತ್ತದೆ. ರಾಜ್ಯ ಹೆದ್ದಾರಿಗಳ ದೊಡ್ಡ ಕಾಮಗಾರಿಗಳನ್ನು ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮ ಮತ್ತು ವಿಶ್ವಬ್ಯಾಂಕ್ ನೆರವಿನ ಕರ್ನಾಟಕ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆ (ಕೆ-ಶಿಪ್) ಕೈಗೊಂಡಿವೆ.

ಮಾನದಂಡಗಳು ಮತ್ತು ಪರೀಕ್ಷೆಗಳು

ಸಚಿವಾಲಯದ ‘ರಸ್ತೆ ಮತ್ತು ಸೇತುವೆ ಕಾಮಗಾರಿಗಳ ನಿರ್ದಿಷ್ಟತೆಗಳು’ ಎಂಬ ಗ್ರಂಥದ ಐದನೆಯ ಪರಿಷ್ಕರಣೆ 2013ರಲ್ಲಿ ಪ್ರಕಟವಾಯಿತು. ಇದರ 900ನೆಯ ವಿಭಾಗ ಸಂಪೂರ್ಣವಾಗಿ ಗುಣಮಟ್ಟ ನಿಯಂತ್ರಣಕ್ಕೆ ಮೀಸಲು: ಯಾವ ಸಾಮಗ್ರಿಗೆ ಯಾವ ಪರೀಕ್ಷೆ, ಎಷ್ಟು ಪ್ರಮಾಣಕ್ಕೆ ಒಂದು ಮಾದರಿ, ಎಷ್ಟು ವ್ಯತ್ಯಾಸ ಒಪ್ಪಿತ ಎಂಬುದೆಲ್ಲ ಅಲ್ಲಿ ಕೋಷ್ಟಕಗಳಲ್ಲಿದೆ. ಡಾಂಬರು ರಸ್ತೆಯ ವಿನ್ಯಾಸಕ್ಕೆ ಐಆರ್‌ಸಿ 37, ಕಾಂಕ್ರೀಟ್ ರಸ್ತೆಗೆ ಐಆರ್‌ಸಿ 58 ಸಂಹಿತೆಗಳು ಅನ್ವಯಿಸುತ್ತವೆ.

ಪರೀಕ್ಷೆ ನೆಲದಿಂದಲೇ ಆರಂಭವಾಗುತ್ತದೆ. ರಸ್ತೆಯ ತಳಮಣ್ಣಿನ ಭಾರ ತಾಳುವ ಶಕ್ತಿಯನ್ನು ‘ಸಿಬಿಆರ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮಾದರಿಯನ್ನು ಸಾಮಾನ್ಯವಾಗಿ 4 ದಿನ ನೀರಿನಲ್ಲಿ ನೆನೆಸಿದ ಮೇಲೆ ಈ ಪರೀಕ್ಷೆ ಮಾಡಲಾಗುತ್ತದೆ, ಏಕೆಂದರೆ ಒಣಗಿದಾಗ ಕಲ್ಲಿನಂತಿರುವ ಎರೆಮಣ್ಣು ನೆನೆದಾಗ ಉಬ್ಬಿ ಸಡಿಲವಾಗುತ್ತದೆ. ಕಬಿನಿ ನಾಲೆಗಳ ನೀರಾವರಿಯಿರುವ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಗದ್ದೆಗಳ ನಡುವೆ ಹಾದುಹೋಗುವ ರಸ್ತೆಗಳಿಗೆ ಇದು ಬರಿಯ ಪುಸ್ತಕದ ಮಾತಲ್ಲ. ವರ್ಷದ ಹಲವು ತಿಂಗಳು ಎರಡೂ ಬದಿಯಲ್ಲಿ ನೀರು ನಿಂತಿರುವ ಕಡೆ ತಳಮಣ್ಣಿನ ಆಯ್ಕೆ ಮತ್ತು ಚರಂಡಿಯ ಕೆಲಸ ಮೇಲಿನ ಡಾಂಬರಿಗಿಂತ ಹೆಚ್ಚು ಮುಖ್ಯವಾಗುತ್ತವೆ.

ತಳಮಣ್ಣನ್ನು ಪ್ರಯೋಗಾಲಯದ ಗರಿಷ್ಠ ಒಣ ಸಾಂದ್ರತೆಯ ಶೇ. 97ರಷ್ಟು, ಅದರ ಮೇಲಿನ ಜಲ್ಲಿ ಪದರಗಳನ್ನು ಶೇ. 98ರಷ್ಟು ದಮ್ಮಸ್ಸು ಮಾಡಬೇಕು. ಇದನ್ನು ತಿಳಿಯಲು ರೋಲರ್ ಓಡಾಡಿದ ಜಾಗದಲ್ಲಿ ಚಿಕ್ಕ ಗುಂಡಿ ತೋಡಿ, ತೆಗೆದ ಮಣ್ಣನ್ನು ತೂಗಿ, ಗುಂಡಿಗೆ ಗೊತ್ತಾದ ಸಾಂದ್ರತೆಯ ಮರಳನ್ನು ತುಂಬಿ ಅದರ ಗಾತ್ರವನ್ನು ಲೆಕ್ಕಹಾಕುವ ಸರಳ ವಿಧಾನ ಬಳಕೆಯಲ್ಲಿದೆ. ವಿಕಿರಣ ಆಧಾರಿತ ಸಾಂದ್ರತಾಮಾಪಕವನ್ನೂ ಬಳಸಲಾಗುತ್ತದೆ.

ಡಾಂಬರು ಮಿಶ್ರಣದಲ್ಲಿ ಉಷ್ಣತೆ ನಿರ್ಣಾಯಕ. ವಿಜಿ-30 ದರ್ಜೆಯ ಡಾಂಬರಾದರೆ ಮಿಶ್ರಣ ಘಟಕದಲ್ಲಿ 150ರಿಂದ 165 ಡಿಗ್ರಿ ಸೆಲ್ಸಿಯಸ್ ಇರಬೇಕು, ಹಾಸುವಾಗ 140ಕ್ಕಿಂತ ಕಡಿಮೆಯಾಗಬಾರದು, ರೋಲರ್ ಕೆಲಸ 90 ಡಿಗ್ರಿಗೆ ಇಳಿಯುವುದರೊಳಗೆ ಮುಗಿಯಬೇಕು. ಲಾರಿ ದೂರದಿಂದ ಬಂದು, ಮೇಲೆ ಟಾರ್ಪಾಲು ಹೊದಿಸದೆ, ಸ್ಥಳದಲ್ಲಿ ತಾಸುಗಟ್ಟಲೆ ಕಾದು ನಿಂತರೆ ಮಿಶ್ರಣ ತಣ್ಣಗಾಗುತ್ತದೆ. ಅಂಥ ಪದರ ಆ ದಿನ ಕಪ್ಪಾಗಿ ನುಣುಪಾಗಿ ಕಂಡರೂ ಒಳಗೆ ಗಾಳಿಯ ಸಂದುಗಳು ಉಳಿದಿರುತ್ತವೆ, ಮುಂದಿನ ಮಳೆಗಾಲದಲ್ಲಿ ಕಿತ್ತುಬರುತ್ತದೆ. ಒಂದು ಉಷ್ಣಮಾಪಕದಿಂದ ಪತ್ತೆಮಾಡಬಹುದಾದ ಈ ದೋಷವನ್ನು ಆಮೇಲೆ ಸಾಬೀತುಪಡಿಸಲು ರಸ್ತೆಯನ್ನು ಕೊರೆದು ಸಿಲಿಂಡರಿನಾಕಾರದ ಮಾದರಿ ತೆಗೆಯಬೇಕಾಗುತ್ತದೆ. ಈ ಮಾದರಿಯಿಂದ ಪದರದ ದಪ್ಪ, ಸಾಂದ್ರತೆ ಮತ್ತು ಡಾಂಬರಿನ ಪ್ರಮಾಣ ಮೂರೂ ತಿಳಿಯುತ್ತವೆ.

ಸೇತುವೆ ಮತ್ತು ಕಾಂಕ್ರೀಟ್ ಕೆಲಸದಲ್ಲಿ 150 ಮಿ.ಮೀ. ಅಳತೆಯ ಘನಗಳನ್ನು ಎರಕಹೊಯ್ದು 28 ದಿನ ನೀರಿನಲ್ಲಿಟ್ಟು ಒತ್ತಡಕ್ಕೆ ಒಳಪಡಿಸುತ್ತಾರೆ. 1ರಿಂದ 5 ಘನಮೀಟರ್ ಕಾಂಕ್ರೀಟಿಗೆ ಒಂದು, 6ರಿಂದ 15ಕ್ಕೆ ಎರಡು, 16ರಿಂದ 30ಕ್ಕೆ ಮೂರು ಮಾದರಿಗಳು ಬೇಕು. ಪ್ರತಿ ಮಾದರಿಯಲ್ಲಿ ಮೂರು ಘನಗಳಿರುತ್ತವೆ. ಘನಗಳು ಪರೀಕ್ಷಿಸುವುದು ಹಾಕಿದ ಕಾಂಕ್ರೀಟಿನ ಮಿಶ್ರಣವನ್ನೇ ಹೊರತು ಸ್ಥಳದಲ್ಲಿ ಅದಕ್ಕೆ ನೀರುಣಿಸಿದ ರೀತಿಯನ್ನಲ್ಲ ಎಂಬ ಮಿತಿ ಇದಕ್ಕಿದೆ.

ಮೇಲ್ವಿಚಾರಣೆಯ ಹಂತಗಳು

ಮೊದಲ ಹೊಣೆ ಗುತ್ತಿಗೆದಾರನದೇ. ಆತ ಸ್ಥಳದಲ್ಲಿ ಪ್ರಯೋಗಾಲಯ ಸ್ಥಾಪಿಸಿ ತನ್ನ ಖರ್ಚಿನಲ್ಲಿ ಪರೀಕ್ಷೆ ನಡೆಸಬೇಕು. ಇಲಾಖೆಯ ಕಾಮಗಾರಿಯಾದರೆ ಕಿರಿಯ ಅಥವಾ ಸಹಾಯಕ ಎಂಜಿನಿಯರ್ ಅಳತೆ ಪುಸ್ತಕದಲ್ಲಿ (ಎಂ.ಬಿ.) ಪ್ರಮಾಣಗಳನ್ನು ಬರೆಯುತ್ತಾರೆ, ಮೇಲಿನ ಅಧಿಕಾರಿಗಳು ಅದನ್ನು ತಾಳೆನೋಡಿದ ಬಳಿಕ ಬಿಲ್ ಪಾವತಿಯಾಗುತ್ತದೆ. ಕಾಮಗಾರಿ ನಡೆಸುವ ವಿಭಾಗದಿಂದ ಪ್ರತ್ಯೇಕವಾದ ಗುಣನಿಯಂತ್ರಣ ವಿಭಾಗಗಳೂ ಲೋಕೋಪಯೋಗಿ ಇಲಾಖೆಯಲ್ಲಿವೆ. ಎಂಜಿನಿಯರಿಂಗ್ ಕಾಲೇಜುಗಳಿಂದ ಮೂರನೆಯ ವ್ಯಕ್ತಿಯ ತಪಾಸಣೆ ಮಾಡಿಸುವ ಪದ್ಧತಿಯೂ ಇದೆ.

ಪ್ರಾಧಿಕಾರದ ಯೋಜನೆಗಳಲ್ಲಿ ಈ ಕೆಲಸ ಸಲಹಾ ಸಂಸ್ಥೆಗಳದು. ಸರ್ಕಾರವೇ ಪೂರ್ತಿ ಹಣ ಕೊಡುವ ಇಪಿಸಿ ಮಾದರಿಯಲ್ಲಿ ಅವರನ್ನು ‘ಪ್ರಾಧಿಕಾರದ ಎಂಜಿನಿಯರ್’ ಎಂದೂ, ಬಿಒಟಿ ಮತ್ತು ಹೈಬ್ರಿಡ್ ಆನ್ಯುಯಿಟಿ ಮಾದರಿಗಳಲ್ಲಿ ‘ಸ್ವತಂತ್ರ ಎಂಜಿನಿಯರ್’ ಎಂದೂ ಕರೆಯುತ್ತಾರೆ. 2016ರಲ್ಲಿ ಒಪ್ಪಿಗೆ ಪಡೆದ ಹೈಬ್ರಿಡ್ ಮಾದರಿಯಲ್ಲಿ ಯೋಜನಾ ವೆಚ್ಚದ ಶೇ. 40ರಷ್ಟನ್ನು ನಿರ್ಮಾಣದ ಹಂತದಲ್ಲಿ ಸರ್ಕಾರ ಕೊಡುತ್ತದೆ. ಉಳಿದುದು 15 ವರ್ಷಗಳ ಅವಧಿಯಲ್ಲಿ ಕಂತುಗಳಾಗಿ ಬರುತ್ತದೆ, ಆ ಅವಧಿಯ ನಿರ್ವಹಣೆಯೂ ನಿರ್ಮಿಸಿದವರದೇ. ಕಳಪೆ ಕೆಲಸದ ನಷ್ಟ ಅದನ್ನು ಮಾಡಿದವರಿಗೇ ತಟ್ಟಲಿ ಎಂಬುದು ಇದರ ತರ್ಕ. ಬಿಒಟಿ ಒಪ್ಪಂದಗಳಲ್ಲಿ ಸ್ವತಂತ್ರ ಎಂಜಿನಿಯರರ ಶುಲ್ಕದ ಅರ್ಧವನ್ನು ನಿರ್ಮಾಣ ಸಂಸ್ಥೆಯೇ ಭರಿಸುತ್ತದೆ. ಇಂಥ ಏರ್ಪಾಡಿನಲ್ಲಿ ‘ಸ್ವತಂತ್ರ’ ಎಂಬ ವಿಶೇಷಣ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದು ಚರ್ಚಾರ್ಹ.

ಇವುಗಳ ಮೇಲೆ ಕೇಂದ್ರ ಜಾಗೃತ ಆಯೋಗದ ಮುಖ್ಯ ತಾಂತ್ರಿಕ ಪರೀಕ್ಷಕರ ಸಂಘಟನೆ, ಭಾರತದ ಮಹಾಲೆಕ್ಕಪರಿಶೋಧಕರು (ಸಿಎಜಿ) ಮತ್ತು ರಾಜ್ಯದ ಮಟ್ಟದಲ್ಲಿ 1984ರ ಕಾಯ್ದೆಯಡಿಯ ಲೋಕಾಯುಕ್ತ ಸಂಸ್ಥೆಗಳಿವೆ. ಇವೆಲ್ಲ ಬಹುಮಟ್ಟಿಗೆ ಕೆಲಸ ಮುಗಿದ ಮೇಲೆ ಬರುವ ಕಣ್ಣುಗಳು. ಗ್ರಾಮೀಣ ರಸ್ತೆಗಳ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ (2000) ಮಾತ್ರ ಕೆಲಸ ನಡೆಯುವಾಗಲೇ ರಾಜ್ಯದ ಮತ್ತು ರಾಷ್ಟ್ರೀಯ ಗುಣಮಟ್ಟ ವೀಕ್ಷಕರು ಬಂದು ನೋಡುವ ಮೂರು ಹಂತದ ವ್ಯವಸ್ಥೆಯನ್ನು ರೂಪಿಸಲಾಯಿತು. ಈ ವಿಷಯದಲ್ಲಿ ಹಳ್ಳಿಯ ರಸ್ತೆಯ ಏರ್ಪಾಡು ಕೆಲವು ಹೆದ್ದಾರಿಗಳದ್ದಕ್ಕಿಂತ ಸ್ಪಷ್ಟವಾಗಿದೆ.

ಬೆಂಗಳೂರು–ಮೈಸೂರು ಹೆದ್ದಾರಿ

ರಾಷ್ಟ್ರೀಯ ಹೆದ್ದಾರಿ 275ರ ಬೆಂಗಳೂರು–ಮೈಸೂರು ಭಾಗವನ್ನು ಹೈಬ್ರಿಡ್ ಮಾದರಿಯಲ್ಲಿ, ನಿಡಘಟ್ಟದಲ್ಲಿ ಸಂಧಿಸುವ ಎರಡು ಭಾಗಗಳಾಗಿ, ಸುಮಾರು 118 ಕಿ.ಮೀ. ಉದ್ದಕ್ಕೆ ವಿಸ್ತರಿಸಲಾಯಿತು. ಮಧ್ಯದಲ್ಲಿ ಆರು ಪಥಗಳು ಮತ್ತು ಬದಿಯಲ್ಲಿ ಸರ್ವಿಸ್ ರಸ್ತೆಗಳಿರುವ ಇದರ ವೆಚ್ಚ ಸುಮಾರು 8,480 ಕೋಟಿ ರೂಪಾಯಿ. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಇದನ್ನು ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟಿಸಿದರು.

ಅದೇ ವಾರದಲ್ಲಿ ಸುರಿದ ಮಳೆಗೆ ರಾಮನಗರದ ಬಳಿ ರಸ್ತೆಯ ಮೇಲೆ ನೀರು ನಿಂತು ವಾಹನಗಳು ಸಿಲುಕಿದವು. 2022ರ ಆಗಸ್ಟ್ ತಿಂಗಳ ಮಳೆಯಲ್ಲಿಯೂ ಇದೇ ಭಾಗದಲ್ಲಿ ಪ್ರವಾಹ ಉಂಟಾಗಿತ್ತು. ಗ್ರಾಮಸ್ಥರು ಹೊಲಗಳಿಗೆ ದಾರಿ ಮಾಡಿಕೊಳ್ಳಲು ಚರಂಡಿಗೆ ಮಣ್ಣು ತುಂಬಿದ್ದರಿಂದ ನೀರು ಹರಿಯಲಿಲ್ಲ ಎಂದು ಪ್ರಾಧಿಕಾರ ವಿವರಣೆ ನೀಡಿತು. ಆ ವಿವರಣೆಯನ್ನು ಒಪ್ಪಿದರೂ, ಹೆದ್ದಾರಿ ದಾಟಿ ಹೊಲಕ್ಕೆ ಹೋಗಬೇಕಾದ ರೈತನಿಗೆ ದಾರಿ ಉಳಿಸುವುದು ವಿನ್ಯಾಸದ ಭಾಗವಾಗಿರಬೇಕಿತ್ತಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಸರಣಿ ಅಪಘಾತಗಳ ಬಳಿಕ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥಗಳಿಂದ ನಿಷೇಧಿಸಲಾಯಿತು.

ಸುರಕ್ಷತೆಯ ಪ್ರಶ್ನೆ ದೊಡ್ಡ ಹೆದ್ದಾರಿಗೆ ಸೀಮಿತವಾದುದಲ್ಲ. 2023ರ ಮೇ 29ರಂದು ತಿ. ನರಸೀಪುರದ ಸಮೀಪ ಕುರುಬೂರಿನಲ್ಲಿ ಕಾರು ಮತ್ತು ಖಾಸಗಿ ಬಸ್ಸಿನ ನಡುವೆ ನಡೆದ ಡಿಕ್ಕಿಯಲ್ಲಿ 10 ಮಂದಿ ಮೃತಪಟ್ಟರು. ಇಂಥ ಅಪಘಾತಗಳಲ್ಲಿ ಪ್ರಕರಣ ಸಾಮಾನ್ಯವಾಗಿ ಚಾಲಕನ ಮೇಲೆ ದಾಖಲಾಗುತ್ತದೆ. ಆದರೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹಾ ಸಂಸ್ಥೆಗೆ 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ನೂರಾರು ಕೋಟಿಯ ಗುತ್ತಿಗೆಗಳ ಎದುರು ಈ ಮೊತ್ತ ತೀರ ಅಲ್ಪ.

ಉತ್ತರ ಕನ್ನಡದ ಪ್ರಕರಣಗಳು

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ರಸ್ತೆಬದಿಯ ಚಹಾ ಅಂಗಡಿ ಮತ್ತು ವಾಹನಗಳು ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಸೇರಿದವು. ಹಲವರು ಪ್ರಾಣ ಕಳೆದುಕೊಂಡರು. ನದಿಯಲ್ಲಿ ಮುಳುಗಿದ್ದ ಲಾರಿ ಸಿಕ್ಕಿದ್ದು ಎರಡು ತಿಂಗಳಿಗೂ ಹೆಚ್ಚು ಕಾಲದ ನಂತರ, ಸೆಪ್ಟೆಂಬರ್ ಕೊನೆಯಲ್ಲಿ. ಹೆದ್ದಾರಿ ಅಗಲೀಕರಣಕ್ಕಾಗಿ ಗುಡ್ಡವನ್ನು ಕಡಿದಾಗಿ ಕತ್ತರಿಸಿದ ವಿಧಾನ ತೀವ್ರ ಟೀಕೆಗೆ ಒಳಗಾಯಿತು. ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಬಳಿ ಕಾಳಿ ನದಿಯ ನಾಲ್ಕು ದಶಕ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಿತು, ಚಾಲಕನನ್ನು ರಕ್ಷಿಸಲಾಯಿತು. ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿದ್ದರೂ ಹಳೆಯದನ್ನು ಒಂದು ದಿಕ್ಕಿನ ಸಂಚಾರಕ್ಕೆ ಬಳಸಲಾಗುತ್ತಿತ್ತು. ಹೊಸ ಕಾಮಗಾರಿಯ ಗುಣಮಟ್ಟಕ್ಕೆ ಇರುವಷ್ಟು ಗಮನ ಅದರೊಂದಿಗೆ ಹಸ್ತಾಂತರವಾಗುವ ಹಳೆಯ ರಚನೆಗಳಿಗೆ ಸಿಗುತ್ತಿಲ್ಲ ಎಂಬುದನ್ನು ಈ ಘಟನೆ ತೋರಿಸಿತು.

ಆರೋಪಗಳು ಮತ್ತು ಮಾಹಿತಿದಾರರ ರಕ್ಷಣೆ

ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘವು 2021ರಲ್ಲಿ ಪ್ರಧಾನಿಗೆ ಪತ್ರ ಬರೆದು, ಕಾಮಗಾರಿಗಳ ಮೊತ್ತದಲ್ಲಿ ಶೇ. 40ರವರೆಗೆ ಕಮಿಷನ್ ಕೊಡಬೇಕಾದ ಸ್ಥಿತಿಯಿದೆ ಎಂದು ಆರೋಪಿಸಿತು. ಅಂದಿನ ಸರ್ಕಾರ ಇದನ್ನು ನಿರಾಕರಿಸಿತು. 2023ರಲ್ಲಿ ಬಂದ ಹೊಸ ಸರ್ಕಾರವು ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗ ರಚಿಸಿತು. ಆಯೋಗ 2025ರ ಮಾರ್ಚ್‌ನಲ್ಲಿ ವರದಿ ಸಲ್ಲಿಸಿತು. ಟೆಂಡರುಗಳಲ್ಲಿ ಪಾರದರ್ಶಕತೆಗಾಗಿ ರಾಜ್ಯದಲ್ಲಿ 1999ರಿಂದಲೇ ಪ್ರತ್ಯೇಕ ಕಾಯ್ದೆಯಿದೆ.

ಒಳಗಿನಿಂದ ದೋಷವನ್ನು ಎತ್ತಿ ತೋರಿಸುವವರ ಸ್ಥಿತಿಗೆ ಸತ್ಯೇಂದ್ರ ದುಬೆ ಪ್ರಕರಣ ದೇಶವ್ಯಾಪಿ ನಿದರ್ಶನವಾಯಿತು. ಬಿಹಾರದಲ್ಲಿ ಪ್ರಾಧಿಕಾರದ ಎಂಜಿನಿಯರರಾಗಿದ್ದ ದುಬೆ, ಸುವರ್ಣ ಚತುಷ್ಪಥ ಯೋಜನೆಯ ಅಕ್ರಮಗಳ ಬಗ್ಗೆ 2002ರಲ್ಲಿ ಪ್ರಧಾನಿ ಕಚೇರಿಗೆ ಪತ್ರ ಬರೆದು ತಮ್ಮ ಹೆಸರನ್ನು ಗೋಪ್ಯವಾಗಿಡುವಂತೆ ಕೋರಿದ್ದರು. ಗೋಪ್ಯತೆ ಉಳಿಯಲಿಲ್ಲ. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಹತ್ಯೆಯಾಯಿತು. ನ್ಯಾಯಾಲಯವು ಇದನ್ನು ದರೋಡೆ ಸಂದರ್ಭದ ಕೊಲೆಯೆಂದು ಪರಿಗಣಿಸಿ 2010ರಲ್ಲಿ ಮೂವರಿಗೆ ಶಿಕ್ಷೆ ವಿಧಿಸಿತು. ಈ ಪ್ರಕರಣದಿಂದ ಎದ್ದ ಒತ್ತಾಯದ ಮುಂದುವರಿಕೆಯಾಗಿ ಮಾಹಿತಿದಾರರ ರಕ್ಷಣಾ ಕಾಯ್ದೆಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತರೂ ಜಾರಿಯ ಅಧಿಸೂಚನೆ ವರ್ಷಗಟ್ಟಲೆ ಹೊರಬೀಳಲಿಲ್ಲ.

ಸಾರ್ವಜನಿಕರಿಗೆ ಲಭ್ಯವಿರುವ ಮಾರ್ಗಗಳು

ಮಾಹಿತಿ ಹಕ್ಕು ಕಾಯ್ದೆ (2005) ಯಡಿ ಟೆಂಡರ್ ಒಪ್ಪಂದ, ಅಂದಾಜುಪಟ್ಟಿ, ಅಳತೆ ಪುಸ್ತಕ ಮತ್ತು ಪರೀಕ್ಷಾ ವರದಿಗಳ ಪ್ರತಿಗಳನ್ನು ಕೇಳಬಹುದು. ಕಾಮಗಾರಿಯ ಸಾಮಗ್ರಿಯ ಪ್ರಮಾಣೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನೂ ಇದೇ ಕಾಯ್ದೆ ಕೊಡುತ್ತದೆಯಾದರೂ ಈ ಅಂಶ ಹೆಚ್ಚು ಪ್ರಚಾರ ಪಡೆದಿಲ್ಲ. ರಾಷ್ಟ್ರೀಯ ಹೆದ್ದಾರಿಗಳ ದೂರಿಗೆ 1033 ಸಹಾಯವಾಣಿ ಮತ್ತು 2023ರಲ್ಲಿ ಬಿಡುಗಡೆಯಾದ ರಾಜಮಾರ್ಗಯಾತ್ರಾ ಆ್ಯಪ್, ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ‘ಮೇರಿ ಸಡಕ್’ ಆ್ಯಪ್ ಇವೆ. ದೂರು ನೀಡುವಾಗ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ದೋಷ ಹೊಣೆಗಾರಿಕೆಯ ಅವಧಿ ಮುಗಿದಿದೆಯೇ ಎಂಬುದನ್ನೂ ನಮೂದಿಸುವುದು ಉಪಯುಕ್ತ. ಆ ಅವಧಿಯೊಳಗೆ ಕಂಡುಬಂದ ದೋಷವನ್ನು ಗುತ್ತಿಗೆದಾರನು ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು, ತಪ್ಪಿದರೆ ಇಲಾಖೆಯು ಭದ್ರತಾ ಠೇವಣಿಯಿಂದ ವೆಚ್ಚವನ್ನು ವಸೂಲು ಮಾಡಬಹುದು.