ಅಕ್ಷರಾಭ್ಯಾಸಕ್ಕೆ ಮುಂಚಿನ ಪಾಠ

ವಿದ್ಯಾಭ್ಯಾಸವು ಅಕ್ಷರಾಭ್ಯಾಸದಿಂದಲೇ ಮೊದಲಾಗುವುದೆಂಬುದು ಸಾಮಾನ್ಯವಾದ ಭಾವನೆ. ನಮ್ಮ ದೇಶದ ಪ್ರಾಚೀನ ಶಿಕ್ಷಣಕ್ರಮವನ್ನು ಪರಿಶೀಲಿಸಿದವರಿಗೆ ಇದು ಸರಿಯೆಂದು ತೋರದು. ಗುರುವಾದವನು ಶಿಷ್ಯನಿಗೆ ಉಪನಯನವನ್ನು ಮಾಡಿ ಮೊಟ್ಟಮೊದಲು ಶೌಚವನ್ನೂ, ಅನಂತರ ಆಚಾರ, ಅಗ್ನಿಕಾರ್ಯ, ಸಂಧ್ಯೋಪಾಸನೆಗಳನ್ನೂ ಕಲಿಸತಕ್ಕದ್ದೆಂದು ಮನುಸ್ಮೃತಿಯ ದ್ವಿತೀಯಾಧ್ಯಾಯವು ವಿಧಿಸುತ್ತದೆ. ವೇದಾಧ್ಯಯನದ ಕ್ರಮವನ್ನು ಹೇಳುವುದು ಇದರ ತರುವಾಯ. ಶೌಚವೆಂಬ ಮಾತಿನ ಅರ್ಥವು ಇಂದಿನ ಬಳಕೆಯಲ್ಲಿ ಬಹಳ ಸಂಕುಚಿತವಾಗಿದೆ. ಶುಚಿಯ ಭಾವವೇ ಶೌಚ. ಕೈಕಾಲು ತೊಳೆಯುವುದು, ಹಲ್ಲುಜ್ಜುವುದು, ಸ್ನಾನ, ಆಹಾರನಿಯಮ ಎಂಬಿವೆಲ್ಲವೂ ಅದರೊಳಗೆ ಅಡಗಿವೆ. ಈ ಮೊದಲ ಪಾಠವನ್ನು ಪೂರ್ವಿಕರು ಮಕ್ಕಳಿಗೆ ಹೇಗೆ ಕಲಿಸಿದರು, ಎಲ್ಲಿ ಎಡವಿದರು ಎಂಬೆರಡನ್ನೂ ವಿಚಾರ ಮಾಡುವುದು ಈಗಿನ ತಾಯಿತಂದೆಗಳಿಗೂ ಉಪಾಧ್ಯಾಯರಿಗೂ ಉಪಯುಕ್ತವಾದೀತು.

ಶಾಸ್ತ್ರದಲ್ಲಿ ವಿಧಿಯಿದ್ದ ಮಾತ್ರಕ್ಕೆ ಅದು ಲೋಕದಲ್ಲಿ ನಡೆಯುತ್ತಿತ್ತೆಂದು ಹೇಳಲಾಗದು. ಅದಕ್ಕೆ ಬೇರೆ ಸಾಕ್ಷಿ ಬೇಕು. ಇಂತಹ ಸಾಕ್ಷಿಗಳಲ್ಲಿ ಚೀನಾದೇಶದ ಭಿಕ್ಷುವಾದ ಇತ್ಸಿಂಗನ ಗ್ರಂಥವು ಅಮೂಲ್ಯವಾದುದು. ಈತನು ಕ್ರಿ.ಶ. 671ರಲ್ಲಿ ಸ್ವದೇಶದಿಂದ ಹೊರಟು 673ರಲ್ಲಿ ತಾಮ್ರಲಿಪ್ತಿಗೆ ಬಂದಿಳಿದನು. ಬಳಿಕ ನಾಲಂದಾ ಮಹಾವಿಹಾರದಲ್ಲಿ ಸುಮಾರು ಹತ್ತು ವರ್ಷ ವ್ಯಾಸಂಗ ಮಾಡಿ, ಹಿಂದಿರುಗುವಾಗ ಸುಮಾತ್ರಾ ದ್ವೀಪದ ಶ್ರೀವಿಜಯದಲ್ಲಿ ನಿಂತು ತಾನು ಕಂಡ ಆಚಾರಗಳನ್ನು ನಲವತ್ತು ಅಧ್ಯಾಯಗಳಲ್ಲಿ ಬರೆದು 692ರಲ್ಲಿ ತನ್ನ ನಾಡಿಗೆ ಕಳುಹಿಸಿದನು. ಅರಸರ ವೈಭವವನ್ನು ವರ್ಣಿಸಿದ ಪರದೇಶೀಯರು ಹಲವರುಂಟು; ಕೈ ತೊಳೆಯುವ ಬಗೆಯನ್ನು ಇಷ್ಟು ಕೂಲಂಕಷವಾಗಿ ಬರೆದವರು ವಿರಳ. ಊಟಕ್ಕೆ ಮೊದಲೂ ಊಟವಾದ ಮೇಲೂ ಕೈಬಾಯಿಗಳ ಶುದ್ಧಿ, ಕುಡಿಯುವ ನೀರನ್ನು ಸೋಸುವುದು, ಕುಡಿಯಲು ಒಂದು ಪಾತ್ರೆ ತೊಳೆಯಲು ಇನ್ನೊಂದು ಪಾತ್ರೆಯೆಂಬ ವ್ಯವಸ್ಥೆ—ಎಲ್ಲವೂ ಅಲ್ಲಿದೆ. ದಂತಕಾಷ್ಠದ ವಿಚಾರವನ್ನು ಹೇಳುವಾಗ ಆತನು, ಪಂಚಭಾರತದಲ್ಲಿ ಇದು ಭಿಕ್ಷುಗಳಿಗೂ ಗೃಹಸ್ಥರಿಗೂ ನಿತ್ಯದ ಕಾರ್ಯವೆಂದೂ, ಮೂರು ವರ್ಷದ ಮಕ್ಕಳಿಗೇ ಇದನ್ನು ಕಲಿಸುವರೆಂದೂ ತಿಳಿಸುತ್ತಾನೆ. ಮೂರನೆಯ ವರ್ಷದಲ್ಲಿ ಮಗುವಿಗೆ ಓಂಕಾರವನ್ನು ತಿದ್ದಲು ಬಾರದು. ಆದರೆ ಹಲ್ಲುಜ್ಜುವ ಕಡ್ಡಿಯನ್ನು ಹಿಡಿಯಲು ಬರುತ್ತಿತ್ತು. ಮೊದಲ ಪಾಠ ಯಾವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಆಯುರ್ವೇದಗ್ರಂಥಗಳಲ್ಲಿ ಈ ದಂತಕಾಷ್ಠದ ಲಕ್ಷಣವು ವಿವರವಾಗಿದೆ. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳ ತುದಿಯಷ್ಟು ದಪ್ಪವೆಂದು ಅಳತೆ ಹೇಳುತ್ತಾನೆ. ತುದಿಯನ್ನು ಜಜ್ಜಿ ಮೆತ್ತಗೆ ಮಾಡಿಕೊಂಡು, ವಸಡಿಗೆ ನೋವಾಗದಂತೆ, ದಿನಕ್ಕೆರಡು ವೇಳೆ ಹಲ್ಲುಜ್ಜಬೇಕೆಂಬುದು ಚರಕನ ಮತ. ಇಂದಿನ ದಂತವೈದ್ಯರು ಮಕ್ಕಳಿಗೆ ಹೇಳುವುದೂ ಈ ಎರಡು ವೇಳೆಯನ್ನೇ. ಆದರೆ ಹಳೆಯದೆಂಬ ಗೌರವದಿಂದ ಎಲ್ಲವನ್ನೂ ಕಣ್ಣು ಮುಚ್ಚಿ ಅನುಸರಿಸತಕ್ಕದ್ದಲ್ಲ. ಚರಕನ ಪಟ್ಟಿಯಲ್ಲಿ ಹೊಂಗೆ, ಹೊನ್ನೆಗಳ ಜೊತೆಗೆ ಕಣಗಿಲೆ, ಎಕ್ಕಗಳೂ ಸೇರಿವೆ. ಇವೆರಡೂ ವಿಷವುಳ್ಳವಾದುದರಿಂದ ಮಕ್ಕಳ ಬಾಯಿಗೆ ಸಲ್ಲವು. ಹಾಗೆಯೇ ಬ್ರಾಹ್ಮೀಮುಹೂರ್ತದಲ್ಲಿ ಏಳಬೇಕೆಂಬ ವಿಧಿಯು ಆರೋಗ್ಯವಂತನಾದ ವಯಸ್ಕನಿಗೆ ಹೇಳಿದ್ದು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ರೆ ಅವಶ್ಯಕವೆಂಬುದು ಈಗಿನ ವೈದ್ಯರ ಅಭಿಪ್ರಾಯ. ರಾತ್ರಿ ಹತ್ತರವರೆಗೆ ದೂರದರ್ಶನದ ಮುಂದೆ ಕೂರಿಸಿ, ಬೆಳಗಿನ ಐದಕ್ಕೆ ಮಗುವನ್ನು ಎಬ್ಬಿಸುವುದು ಶಾಸ್ತ್ರಾನುಸರಣೆಯೂ ಅಲ್ಲ, ಲೋಕಹಿತವೂ ಅಲ್ಲ.

ಅಳತೆ ಪ್ರಮಾಣಗಳಿಗಿಂತಲೂ ಹೆಚ್ಚು ಗಮನಿಸತಕ್ಕದ್ದು, ಆ ಗ್ರಂಥಕಾರರು ಕಲಿಸುವ ರೀತಿಯನ್ನು ಕುರಿತು ಹೇಳಿರುವ ಮಾತು. ಮಗುವು ಅಳುತ್ತಿದ್ದರೂ ಉಣ್ಣಲೊಲ್ಲದಿದ್ದರೂ ಹೇಳಿದಂತೆ ಕೇಳದಿದ್ದರೂ, ರಾಕ್ಷಸ ಪಿಶಾಚಗಳ ಹೆಸರೆತ್ತಿ ಅದನ್ನು ಹೆದರಿಸಬಾರದೆಂದು ಚರಕನು ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ನಿಷೇಧಿಸಿದ್ದಾನೆ. ಮಗುವನ್ನು ಗದರಿಸಬಾರದು, ನಿದ್ದೆಯಿಂದ ತಟ್ಟನೆ ಎಬ್ಬಿಸಬಾರದು ಎಂದು ಸುಶ್ರುತನೂ ಹೇಳುತ್ತಾನೆ. “ಉಣ್ಣದಿದ್ದರೆ ಗುಮ್ಮ ಬರುತ್ತದೆ” ಎನ್ನದ ಮನೆ ನಮ್ಮಲ್ಲಿ ಎಷ್ಟಿದೆ? ಗುಮ್ಮನಿಗೆ ಹೆದರಿ ಉಂಡ ಮಗುವು ತುತ್ತನ್ನು ನುಂಗೀತೇ ಹೊರತು ಊಟವನ್ನು ಕಲಿಯದು. ಗುಮ್ಮನು ಸುಳ್ಳೆಂದು ತಿಳಿದ ದಿನ ಆ ನಿಯಮವೂ ಬಿದ್ದುಹೋಗುತ್ತದೆ.

ಹೆದರಿಕೆಯಿಂದ ಆಗದ ಕೆಲಸ ಮತ್ತಾವುದರಿಂದ ಆಗಬೇಕು? ಇದಕ್ಕೂ ಚರಕನಲ್ಲಿ ಉತ್ತರವಿದೆ. ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ, ರೂಢಿಯಾದ ಅಹಿತವನ್ನು ಒಮ್ಮೆಗೇ ಬಿಡದೆ ಕಾಲುಕಾಲು ಭಾಗವಾಗಿ ಕಡಮೆ ಮಾಡುತ್ತ, ನಡುನಡುವೆ ಒಂದೆರಡು ಮೂರು ದಿನಗಳ ಅಂತರವಿಟ್ಟು, ಹಿತವಾದುದನ್ನು ಅದೇ ಕ್ರಮದಲ್ಲಿ ಕೂಡಿಸಿಕೊಳ್ಳಬೇಕೆಂಬ ವಿಧಾನವಿದೆ. ಹೀಗೆ ಮೆಲ್ಲಗೆ ಹೋದ ದೋಷವು ಮರಳಿ ಬಾರದು. ಮೆಲ್ಲಗೆ ಬಂದ ಗುಣವು ಅಲುಗದು ಎಂಬುದು ಅಲ್ಲಿನ ಅಭಿಪ್ರಾಯ. ಸಿಹಿತಿಂಡಿಗೆ ಸೋತ ಹುಡುಗನಿಗೆ “ಇಂದಿನಿಂದ ಒಂದು ಚೂರೂ ಇಲ್ಲ” ಎಂದು ಆಜ್ಞೆ ಮಾಡುವ ತಂದೆಯು ಈ ಅಧ್ಯಾಯವನ್ನು ಓದಿದರೆ ಒಳ್ಳೆಯದು.

ಕ್ರಮದ ಜೊತೆಗೆ ಬೇಕಾದುದು ವೇಳೆ ಮತ್ತು ಸಹವಾಸ. ಇದಕ್ಕೆ ನಾಲಂದೆಯ ದೃಶ್ಯವೇ ನಿದರ್ಶನ. ವಿಹಾರದ ಬಳಿಯಲ್ಲಿ ಹತ್ತಕ್ಕೂ ಹೆಚ್ಚು ದೊಡ್ಡ ಕೊಳಗಳಿದ್ದವೆಂದೂ, ಪ್ರತಿದಿನ ಬೆಳಗ್ಗೆ ಸ್ನಾನದ ವೇಳೆಗೆ ಗಂಟೆ ಬಾರಿಸುತ್ತಿದ್ದರೆಂದೂ, ಆಗ ಒಮ್ಮೆ ನೂರು, ಒಮ್ಮೆ ಸಾವಿರ ಮಂದಿ ತಮ್ಮ ಸ್ನಾನವಸ್ತ್ರಗಳೊಡನೆ ಹೊರಟು ಎಲ್ಲ ದಿಕ್ಕುಗಳ ಕೊಳಗಳಿಗೂ ಹೋಗುತ್ತಿದ್ದರೆಂದೂ ಇತ್ಸಿಂಗನು ಬರೆದಿದ್ದಾನೆ. ನಿಗದಿಯಾದ ವೇಳೆಗಳಲ್ಲಿ ಹಿಂದಕ್ಕೂ ಮುಂದಕ್ಕೂ ಅಡ್ಡಾಡುವ ಅಭ್ಯಾಸದಿಂದ ರೋಗವು ದೂರವಾಗಿ ಆಹಾರವು ಜೀರ್ಣವಾಗುವುದೆಂದೂ ಹೇಳಿದ್ದಾನೆ. ಅಲ್ಲಿ ಒಬ್ಬೊಬ್ಬನಿಗೂ ಬೇರೆಬೇರೆ ಉಪದೇಶವಿರಲಿಲ್ಲ. ಗಂಟೆ ಬಾರಿಸಿತು, ಹಿರಿಯರು ಎದ್ದರು, ಕಿರಿಯರು ಹಿಂಬಾಲಿಸಿದರು.

ಕರ್ಣಾಟಕದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸ್ನಾನಕ್ಕಾಗಿಯೇ ಒಂದು ಪ್ರಕರಣವಿದೆ. ಅದು ಅರಮನೆಯ ಮಾತು. ಜನಸಾಮಾನ್ಯರ ಮನೆಯಲ್ಲಿ ಆ ಕೆಲಸವನ್ನು ನಿರ್ವಹಿಸಿದ್ದು ಹಬ್ಬ. ನರಕಚತುರ್ದಶಿಯ ಹಿಂದಿನ ಸಂಜೆಯ ನೀರು ತುಂಬುವ ಹಬ್ಬವನ್ನು ನೆನೆಯಬಹುದು. ಬಚ್ಚಲುಮನೆಯನ್ನು ತಿಕ್ಕಿ ತೊಳೆದು, ಹಂಡೆಯ ಮಸಿಯನ್ನು ಹುಣಸೆಹಣ್ಣಿನಿಂದ ಬೆಳಗಿ, ಅದಕ್ಕೆ ಹೂ ಮುಡಿಸಿ ನೀರು ತುಂಬುವ ಸಂಭ್ರಮದಲ್ಲಿ ಮಕ್ಕಳದೇ ಮುಂದಾಳುತನ. ಮರುದಿನ ನಸುಕಿನಲ್ಲಿ ಅಜ್ಜಿಯು ಎಣ್ಣೆಯೊತ್ತಿ ಸೀಗೆಪುಡಿ ಹಾಕಿ ಎರೆಯುವಾಗ ಕಣ್ಣು ಉರಿದರೂ ಮಗುವು ಓಡಿಹೋಗದು. ಏಕೆಂದರೆ ಅಣ್ಣನೂ ಅಕ್ಕನೂ ಸರದಿಯಲ್ಲಿ ಕುಳಿತಿರುತ್ತಾರೆ. ನಾಲಂದೆಯ ಗಂಟೆಯು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಹಂಡೆಯು ಮಾಡುತ್ತದೆ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಆತ್ಮಪ್ರಶಂಸೆಯಾದೀತೇ ಹೊರತು ಇತಿಹಾಸವಾಗದು. ಮನುವಿನ ಆ ಮೊದಲ ಪಾಠವು ಉಪನಯನಕ್ಕೆ ಅಧಿಕಾರವುಳ್ಳ ಹುಡುಗರಿಗೆ ಮಾತ್ರ ಮೀಸಲಾಗಿತ್ತು. ಹೆಣ್ಣುಮಕ್ಕಳೂ ದುಡಿಯುವವರ ಮಕ್ಕಳೂ ಅದರ ಹೊರಗೆ ಉಳಿದರು. ಕಾಲಕ್ರಮದಲ್ಲಿ ಶುಚಿಯ ಸ್ಥಾನವನ್ನು ಮಡಿಯು ಆಕ್ರಮಿಸಿತು. ಶುಚಿಯು ಕೊಳೆಯನ್ನು ದೂರವಿಡುತ್ತದೆ. ಮಡಿಯು ಮನುಷ್ಯನನ್ನೇ ದೂರವಿಡಲಾರಂಭಿಸಿತು.

ಇದರ ಪರಿಣಾಮವು ಮಕ್ಕಳ ಮೇಲೆ ಎಂತಹದಾಯಿತೆಂಬುದನ್ನು 1891ರಲ್ಲಿ ಜನಿಸಿದ ಡಾಕ್ಟರ್ ಅಂಬೇಡ್ಕರರು ತಮ್ಮ ಬಾಲ್ಯಸ್ಮರಣೆಯಲ್ಲಿ ಬರೆದಿಟ್ಟಿದ್ದಾರೆ. ಅವರ ಕುಟುಂಬವು ಸಾತಾರೆಯಲ್ಲಿದ್ದಾಗ, ಶಾಲೆಯಲ್ಲಿ ಇತರ ಹುಡುಗರು ಬಾಯಾರಿದಾಗ ತಾವೇ ಹೋಗಿ ನಲ್ಲಿಯನ್ನು ತಿರುಗಿಸಿ ಕುಡಿಯಬಹುದಾಗಿತ್ತು. ಈ ಹುಡುಗನು ನಲ್ಲಿಯನ್ನು ಮುಟ್ಟುವಂತಿರಲಿಲ್ಲ. ಶಾಲೆಯ ಜವಾನನು ಬಂದು ತಿರುಗಿಸಬೇಕು. ಜವಾನನು ಬಾರದ ದಿನ ನೀರೂ ಇಲ್ಲ. ಕುಡಿಯಲು ನೀರು ಕೊಡದ ಶಾಲೆಯು ಅಂತಹ ಮಗುವಿಗೆ ಕೈ ತೊಳೆಯುವ ಪಾಠವನ್ನು ಯಾವ ಬಾಯಿಂದ ಹೇಳೀತು? ಮುಂದೆ 1927ರ ಮಾರ್ಚ್ 20ರಂದು ಅವರು ಸಾವಿರಾರು ಜನರೊಡನೆ ಮಹಾಡದ ಚವದಾರ ಕೆರೆಯ ನೀರನ್ನು ಕುಡಿದರು. ಅದರಿಂದ ಕೆರೆಯು ಮೈಲಿಗೆಯಾಯಿತೆಂದು ಭಾವಿಸಿದವರು ಸಗಣಿ ಗಂಜಲಗಳು ಸೇರಿದ ಪಂಚಗವ್ಯದ ಕೊಡಗಳನ್ನು ಸುರಿದು ಅದನ್ನು “ಶುದ್ಧಿ” ಮಾಡಿದರು! ಮಡಿಗೂ ಶುಚಿಗೂ ಇರುವ ದೂರವನ್ನು ಅಳೆಯಲು ಈ ಒಂದು ಸಂಗತಿಯು ಸಾಕು. ಕೆರೆಯ ಮೇಲಿನ ಹಕ್ಕನ್ನು ನ್ಯಾಯಾಲಯದಲ್ಲಿ ಸ್ಥಾಪಿಸಿಕೊಳ್ಳಲು 1937ರವರೆಗೆ ಕಾಯಬೇಕಾಯಿತು. ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಸಂವಿಧಾನವು 1950ರಲ್ಲಿ ಜಾರಿಗೆ ಬಂದಿತು.

ಅಷ್ಟರಲ್ಲಿ ವಿಜ್ಞಾನವು ಶುಚಿಗೆ ಹೊಸ ಅರ್ಥವನ್ನು ಕೊಟ್ಟಿತ್ತು. ಕಣ್ಣಿಗೆ ಶುದ್ಧವಾಗಿ ಕಾಣುವ ಕೈಯೂ ಪ್ರಾಣಾಪಾಯವನ್ನು ತರಬಹುದೆಂದು 1847ರಲ್ಲಿ ವಿಯೆನ್ನಾ ನಗರದ ವೈದ್ಯ ಸೆಮ್ಮೆಲ್‌ವೈಸನು ತೋರಿಸಿದನು. 1884ರಲ್ಲಿ ಜರ್ಮನಿಯ ಕಾಖ್ ಪಂಡಿತನು ಕಲಕತ್ತೆಯಲ್ಲಿ ಕಾಲರಾ ರೋಗದ ಕ್ರಿಮಿಯನ್ನು ರೋಗಿಗಳಲ್ಲಿಯೂ, ಅವರು ಸ್ನಾನಕ್ಕೂ ಪಾನಕ್ಕೂ ಬಳಸುತ್ತಿದ್ದ ಕೆರೆಯ ನೀರಿನಲ್ಲಿಯೂ ಕಂಡುಹಿಡಿದನು. ಕ್ರಿಮಿಗೆ ಜಾತಿಭೇದವಿಲ್ಲ. ನೆರೆಯ ಕೇರಿಯ ಮಗುವಿಗೆ ಒಳ್ಳೆಯ ನೀರಿಲ್ಲದಿದ್ದರೆ ಅಗ್ರಹಾರದ ಮಗುವಿಗೂ ಕ್ಷೇಮವಿಲ್ಲವೆಂಬುದು ಇದರಿಂದ ಸಿದ್ಧವಾಯಿತು.

ಈ ಹೊಸ ತಿಳಿವಳಿಕೆಯು ಶಾಲೆಯನ್ನೂ ಪ್ರವೇಶಿಸಿತು. ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ 1937ರಲ್ಲಿ ವಾರ್ಧಾದಲ್ಲಿ ನಡೆದ ಪರಿಷತ್ತಿನಿಂದ ರೂಪುಗೊಂಡ ಮೂಲಶಿಕ್ಷಣದ ಯೋಜನೆಯಲ್ಲಿ ಆರೋಗ್ಯದ ಪಾಠಕ್ಕೂ ಶುಚಿತ್ವಕ್ಕೂ ಸ್ಥಾನವಿತ್ತು. 2002ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಅಕ್ಷರದಾಸೋಹವು ಮಕ್ಕಳನ್ನು ಮಧ್ಯಾಹ್ನ ಒಂದೇ ಪಂಕ್ತಿಯಲ್ಲಿ ಕೂರಿಸಿತು. 2008ರಿಂದ ಅಕ್ಟೋಬರ್ 15ನ್ನು ಲೋಕದಲ್ಲೆಲ್ಲ ಕೈ ತೊಳೆಯುವ ದಿನವನ್ನಾಗಿ ಆಚರಿಸುತ್ತಿದ್ದಾರೆ. 2020ರ ಮಹಾಮಾರಿಯ ಕಾಲದಲ್ಲಿ ಸಾಬೂನಿನಿಂದ ಇಪ್ಪತ್ತು ಸೆಕೆಂಡುಗಳ ಕಾಲ ಕೈಯುಜ್ಜಬೇಕೆಂಬುದನ್ನು ದೊಡ್ಡವರೂ ಮಕ್ಕಳಂತೆ ಕಲಿಯಬೇಕಾಯಿತು. ಭಯವಿದ್ದಷ್ಟು ದಿನ ಎಲ್ಲರೂ ತೊಳೆದರು. ಭಯವು ಕಳೆದೊಡನೆ ಅನೇಕರು ಮರೆತರು. ಗುಮ್ಮನಿಂದ ಕಲಿತ ಪಾಠದ ಆಯುಸ್ಸು ಎಷ್ಟೆಂದು ಚರಕನು ಅರಿತಿದ್ದನಷ್ಟೆ!

ಈ ದೀರ್ಘ ಚರಿತ್ರೆಯಿಂದ ಗ್ರಹಿಸತಕ್ಕದ್ದು ಸ್ವಲ್ಪವೇ ಆದರೂ ಮುಖ್ಯವಾದುದು. ಒಳ್ಳೆಯ ಅಭ್ಯಾಸವು ಉಪದೇಶದಿಂದಲೂ ಭಯದಿಂದಲೂ ಬೇರೂರುವುದಿಲ್ಲ. ಅದಕ್ಕೆ ಗೊತ್ತಾದ ವೇಳೆ ಬೇಕು, ಕಾಲುಕಾಲಾಗಿ ಏರುವ ತಾಳ್ಮೆ ಬೇಕು, ಜೊತೆಯಲ್ಲಿ ತಾವೂ ಮಾಡುವ ಹಿರಿಯರು ಬೇಕು. ಸ್ವತಃ ಕೈ ತೊಳೆಯದೆ ಎಲೆಯ ಮುಂದೆ ಕೂರುವ ತಂದೆಯ ಮಾತನ್ನು ಮಗುವು ಕಿವಿಯಿಂದ ಕೇಳಿ ಕಣ್ಣಿನಿಂದ ಮರೆಯುತ್ತದೆ. ಇವೆಲ್ಲಕ್ಕೂ ಮೊದಲು, ಎಲ್ಲ ಮಕ್ಕಳ ಕೈಗೂ ಎಟಕುವ ನೀರು ಬೇಕು. ಊರಿನ ಶಾಲೆಯ ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಅದರ ಪಕ್ಕದಲ್ಲಿ ಸಾಬೂನು ಇದೆಯೇ, ಅದನ್ನು ಮುಟ್ಟಲು ಯಾವ ಮಗುವಾದರೂ ಹಿಂಜರಿಯುತ್ತಿದೆಯೇ ಎಂಬುದನ್ನು ವಿದ್ಯಾವಂತರಾದ ಗೃಹಸ್ಥರು ವರ್ಷಕ್ಕೊಮ್ಮೆಯಾದರೂ ಹೋಗಿ ನೋಡುವುದು ಯುಕ್ತ. ತಮ್ಮ ಮನೆಯ ಮಕ್ಕಳನ್ನೂ ಜೊತೆಗೆ ಕರೆದೊಯ್ದರೆ ಇನ್ನೂ ಮೇಲು.