ಯೀಸ್ಟ್ ಮಾಡಿಕೊಟ್ಟ ಕತ್ತರಿ

ಮಾಂಸ ಬೇಗ ಬೇಯಲೆಂದು ಪರಂಗಿಕಾಯಿಯ ಹೋಳು ಹಾಕುವುದು ಅಡುಗೆಮನೆಯ ಹಳೆಯ ಉಪಾಯ. ಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ತುಂಡರಿಸುತ್ತದೆ. 1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಆರಂಭಿಸಿದ ಬಯೋಕಾನ್ ಸಂಸ್ಥೆಯ ಮೊದಲ ಸರಕುಗಳಲ್ಲಿ ಈ ಪಪೇನ್ ಒಂದು. 2004ರಲ್ಲಿ ಅದೇ ಸಂಸ್ಥೆ ಪಿಕಿಯಾ ಎಂಬ ಯೀಸ್ಟ್‌ನಿಂದ ಪಡೆದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಇಂಥ ಇನ್ಸುಲಿನ್‌ನ ಹಿಂದೆಯೂ ಪ್ರೋಟೀನ್ ಕತ್ತರಿಸುವ ಕಿಣ್ವವೊಂದಿದೆ. ಅದೇ ಟ್ರಿಪ್ಸಿನ್.

ಮಧುಮೇಹಿಯೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದ್ದು 1922ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಅನಂತರ ದಶಕಗಳ ಕಾಲ ಈ ಔಷಧಕ್ಕೆ ಕಸಾಯಿಖಾನೆಯೇ ಆಧಾರ. ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಅದನ್ನು ತೆಗೆಯುತ್ತಿದ್ದರು. ಸುಮಾರು 225 ಗ್ರಾಂ ಇನ್ಸುಲಿನ್‌ಗೆ ಎರಡು ಟನ್ನಿನಷ್ಟು ಹಂದಿಯ ಅಂಗಗಳು ಬೇಕಾಗುತ್ತಿದ್ದವು. 1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಾದ ಮಾನವ ಇನ್ಸುಲಿನ್ ಬಂದಾಗ ಈ ಅವಲಂಬನೆ ಸಡಿಲಿತು. ಕೆಲವು ವರ್ಷಗಳಲ್ಲಿ ಬ್ರೆಡ್ ಉಬ್ಬಿಸುವ ಯೀಸ್ಟ್ ಕೂಡ ಆ ಕೆಲಸಕ್ಕೆ ಒದಗಿತು. ಮೆಥನಾಲ್ ತಿಂದು ಬದುಕಬಲ್ಲ ಪಿಕಿಯಾದ ಸರದಿ ಆಮೇಲಿನದು.

ಆದರೆ ಯೀಸ್ಟ್ ಹೊರಹಾಕುವುದು ಸಿದ್ಧ ಇನ್ಸುಲಿನ್ ಅಲ್ಲ, ಅದರ ಪೂರ್ವರೂಪ. ಅದನ್ನು ಸರಿಯಾದ ಜಾಗದಲ್ಲಿ ಕತ್ತರಿಸಲು ಬಳಸುವುದೇ ಟ್ರಿಪ್ಸಿನ್. ಲೈಸಿನ್ ಮತ್ತು ಆರ್ಜಿನಿನ್ ಎಂಬ ಅಮೈನೊ ಆಮ್ಲಗಳ ಪಕ್ಕದಲ್ಲಷ್ಟೇ ಅದು ಕತ್ತರಿ ಹಾಕುತ್ತದೆ. ಸೋಜಿಗವೆಂದರೆ, ಈ ಕಿಣ್ವದ ತವರೂ ಪ್ರಾಣಿಗಳ ಮೇದೋಜೀರಕ ಗ್ರಂಥಿಯೇ! ಮುಂಬಾಗಿಲಿನಿಂದ ಹೊರಗೆ ಹೋದ ಕಸಾಯಿಖಾನೆ ಹಿಂಬಾಗಿಲಿನಿಂದ ಒಳಗೆ ಬಂದಂತಾಯಿತು. 1986ರಲ್ಲಿ ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗ ಪತ್ತೆಯಾದ ಮೇಲೆ ಪ್ರಾಣಿಮೂಲದ ವಸ್ತುಗಳ ಬಗ್ಗೆ ಔಷಧ ತಯಾರಕರ ಆತಂಕ ಹೆಚ್ಚಿತು. ಮೇಲಾಗಿ, ಗ್ರಂಥಿಯಿಂದ ತೆಗೆದ ಟ್ರಿಪ್ಸಿನ್ ಜೊತೆ ಬೇರೆ ಜಾಗದಲ್ಲಿ ಕತ್ತರಿಸುವ ಕೈಮೋಟ್ರಿಪ್ಸಿನ್ ಬೆರೆತಿರುತ್ತದೆ.

ಹಂದಿಯ ಟ್ರಿಪ್ಸಿನ್ ಜೀನನ್ನು ಪಿಕಿಯಾಕ್ಕೆ ಸೇರಿಸಿದ್ದು ಇದಕ್ಕೊಂದು ಪರಿಹಾರ. ಅದೂ ಸುಲಭವಿರಲಿಲ್ಲ. ಪ್ರೋಟೀನ್ ಕತ್ತರಿಸುವ ಕಿಣ್ವ ತನ್ನನ್ನು ತಯಾರಿಸುವ ಜೀವಕೋಶಕ್ಕೇ ಕುತ್ತು ತರಬಹುದು, ತನ್ನನ್ನೇ ತುಂಡರಿಸಿಕೊಳ್ಳಲೂಬಹುದು. ಪ್ರಕೃತಿಯಲ್ಲಿ ಇದಕ್ಕೆ ಉಪಾಯವಿದೆ. ಗ್ರಂಥಿಯಲ್ಲಿ ಹುಟ್ಟುವುದು ಟ್ರಿಪ್ಸಿನೋಜೆನ್ ಎಂಬ ನಿಷ್ಕ್ರಿಯ ರೂಪ, ಒರೆಯಲ್ಲಿಟ್ಟ ಕತ್ತಿಯಂತೆ. ಸಣ್ಣ ಕರುಳಿಗೆ ಇಳಿದ ಮೇಲೆಯೇ ಅದು ಹರಿತವಾಗುತ್ತದೆ. ವಿಜ್ಞಾನಿಗಳು ಯೀಸ್ಟ್‌ನಿಂದಲೂ ಈ ನಿಷ್ಕ್ರಿಯ ರೂಪವನ್ನೇ ತಯಾರಿಸಿ, ಆಮೇಲೆ ಅದನ್ನು ಜಾಗೃತಗೊಳಿಸುವ ದಾರಿ ಹಿಡಿದರು. ಆಮ್ಲೀಯ ದ್ರಾವಣದಲ್ಲಿಟ್ಟರೆ ಟ್ರಿಪ್ಸಿನ್‌ನ ಆತ್ಮಘಾತ ತಗ್ಗುತ್ತದೆ. ಕ್ಯಾಲ್ಸಿಯಂ ಅದಕ್ಕೆ ಸ್ಥಿರತೆ ಕೊಡುತ್ತದೆ.

ಹೀಗೆ ಪಡೆದ ಕಿಣ್ವ ಎಷ್ಟು ವೇಗವಾಗಿ ಕತ್ತರಿಸುತ್ತದೆ, ತಪ್ಪು ಜಾಗದಲ್ಲಿ ಕತ್ತರಿಸುತ್ತದೆಯೇ, ಎಷ್ಟು ಕಾಲ ಬಾಳುತ್ತದೆ ಎಂಬುದನ್ನೆಲ್ಲ ಪ್ರಾಣಿಮೂಲದ ಕಿಣ್ವದ ಜೊತೆ ಹೋಲಿಸಿ ನೋಡಬೇಕು. ದಿನವೂ ಸೂಜಿ ಚುಚ್ಚಿಕೊಳ್ಳುವ ಮಧುಮೇಹಿಗೆ ಟ್ರಿಪ್ಸಿನ್ ಹೆಸರು ಗೊತ್ತಿರಬೇಕಾಗಿಲ್ಲ. ಆದರೆ ಆತನ ಔಷಧ ಕಸಾಯಿಖಾನೆಯ ಹಂಗಿನಿಂದ ಪೂರ್ಣವಾಗಿ ಬಿಡಿಸಿಕೊಳ್ಳಲು ಇನ್ಸುಲಿನ್ ಒಂದೇ ಸಾಲದು, ಅದನ್ನು ರೂಪಿಸುವ ಕತ್ತರಿಯೂ ಗ್ರಂಥಿಯ ನಂಟು ಕಳಚಿಕೊಳ್ಳಬೇಕು.